‘ಅಲ್ಲಿ ನಿಲ್ಲಿಸ್ಬೇಕು ಮಾರಾಯ್ತಿ’: ಹಾಸ್ಯಗಾರರ ಆತ್ಮಕಥೆಯನ್ನು ಅವರದೇ ದನಿಯಲ್ಲಿ ಯಾಕೆ ಕೇಳಬೇಕು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಕೇಳೋಕೆ ಪುರುಸೊತ್ತಿಲ್ಲದವರು ಓದಿ. ಓದೋಕೆ ಬೇಜಾರಾದವರು ಮೇಲಿರುವ ಪ್ಲೇ ಬಟನ್ ಒತ್ತಿ.)

ನಾನು ಮಾತಾಡ್ತಿರೋದು ಕಳಸದ ನಮ್ಮ ಮನೆಯ ಹಿಂದಿನ ಕೋಣೆಯಿಂದ. ಸುತ್ತ ಒಣಗಿದ ರೊಬಸ್ಟಾ ಕಾಫಿ ತುಂಬಿದ ಗೋಣಿಚೀಲಗಳು. ರೇಟು ಇನ್ನೂ ಸ್ವಲ್ಪ ಏರಲಿ ಅಂತ ಅಪ್ಪ ಮಾರದೆ ಇಟ್ಟಿದ್ದಾರೆ, ನನಗೆ ಅದೇ ಪುಕ್ಕಟೆ ಸ್ಟುಡಿಯೋ. ಗೋಣಿಚೀಲ ಶಬ್ದ ಹೀರಿಕೊಳ್ಳುತ್ತೆ, ಗೋಡೆಯಿಂದ ಪ್ರತಿಧ್ವನಿ ಬರಲ್ಲ. ಮೊನ್ನೆ ಹೂಮಳೆ ಬಿದ್ದಿರೋದರಿಂದ ಹೊರಗೆ ಕಾಫಿ ಹೂವಿನ ವಾಸನೆ ತುಂಬಿದೆ. ಅದನ್ನು ಮಾತ್ರ ರೆಕಾರ್ಡ್ ಮಾಡೋಕೆ ಆಗಲ್ಲ.

ಇವತ್ತಿನ ವಿಷಯ ಆಡಿಯೋಬುಕ್. ಅದರಲ್ಲೂ ಒಂದು ವಿಶೇಷ ಜಾತಿಯ ಆಡಿಯೋಬುಕ್: ಹಾಸ್ಯಗಾರರು ತಮ್ಮ ಜೀವನದ ಕಥೆಯನ್ನು ತಾವೇ ಓದಿರುವಂಥದ್ದು. ಇದು ನನ್ನ ತಲೆಗೆ ಹೊಕ್ಕಿದ್ದು ನಮ್ಮಪ್ಪನಿಂದ. ಹಾಗಾಗಿ ಮೊದಲು ಅವರ ಪರಿಚಯ.

ಅಪ್ಪ ರೈಟರ್. ಪುಸ್ತಕ ಬರೆಯೋ ರೈಟರ್ ಅಲ್ಲ, ಎಸ್ಟೇಟ್ ರೈಟರ್. ನಮ್ಮ ಕಡೆಯವರಿಗೆ ಗೊತ್ತಿರುತ್ತೆ: ಬೆಳಿಗ್ಗೆ ಆಳುಗಳ ಹಾಜರಿ ತಗೊಳ್ಳೋದು, ಯಾರು ಎಷ್ಟು ಕೊಯ್ದರು ಅಂತ ಬರೆಯೋದು, ವಾರದ ಸಂಬಳದ ಲೆಕ್ಕ ಇಡೋದು ಅವರ ಕೆಲಸ. ಮೂವತ್ತೈದು ವರ್ಷ ಮೂಡಿಗೆರೆ ಸುತ್ತಮುತ್ತಲ ತೋಟಗಳಲ್ಲಿ ಅದನ್ನೇ ಮಾಡಿದವರು. ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಅವರ ಕಣ್ಣಿನ ಒಳಪದರವನ್ನು ತಿಂದುಹಾಕಿತು. ಈಗ ಬೆಳಕು ಕಾಣುತ್ತೆ, ಎದುರು ನಿಂತವರ ಆಕಾರ ಕಾಣುತ್ತೆ. ಅಕ್ಷರ ಕಾಣಲ್ಲ. ಜೀವನಪೂರ್ತಿ ಅಕ್ಷರ ಬರೆದವರಿಗೆ ಅಕ್ಷರ ಕಾಣದಿರೋದು ಎಂಥ ಶಿಕ್ಷೆ ಅಂತ ನಾನು ವಿವರಿಸಬೇಕಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ದಿನ ಅವರು ಕಪಾಟಿನ ಕಡೆ ಕೈ ತೋರಿಸಿ, ‘ಅಲ್ಲಿ ಬೀಚಿ ಇರ್ಬೇಕು ನೋಡು, ಒಂದು ನಾಲ್ಕು ಪುಟ ಓದು’ ಅಂದರು. ಅದು ‘ನನ್ನ ಭಯಾಗ್ರಫಿ’, ಬೀಚಿಯವರ ಆತ್ಮಕಥೆ. ನಾನು ಓದಿದೆ. ಪಾಡ್‌ಕಾಸ್ಟ್ ಮಾಡೋಳು, ಮೈಕ್ ಮುಂದೆ ಮಾತಾಡೋಳು ಅನ್ನೋ ಜಂಬದಲ್ಲೇ ಓದಿದೆ. ಅಪ್ಪ ಒಂದು ಸಲವೂ ನಗಲಿಲ್ಲ. ಎರಡನೇ ಪುಟಕ್ಕೆ ಕೈ ಎತ್ತಿ, ‘ಅದು ಹಂಗಲ್ಲ. ಅಲ್ಲಿ ನಿಲ್ಲಿಸ್ಬೇಕು ಮಾರಾಯ್ತಿ’ ಅಂದರು.

ಎಲ್ಲಿ ನಿಲ್ಲಿಸಬೇಕಿತ್ತು? ಅಲ್ಲಿ ಅಲ್ಪವಿರಾಮವೂ ಇರಲಿಲ್ಲ, ಪೂರ್ಣವಿರಾಮವೂ ಇರಲಿಲ್ಲ. ಆದರೂ ಅವರು ಹೇಳಿದ ಜಾಗದಲ್ಲಿ ನಿಲ್ಲಿಸಿ ಮತ್ತೆ ಓದಿದೆ. ಅಡುಗೆಮನೆಯಲ್ಲಿದ್ದ ಅಮ್ಮ ನಕ್ಕರು. ಆ ‘ನಿಲ್ಲಿಸೋದು’ ಅಂದರೆ ಏನು ಅನ್ನೋದೇ ಈ ಸಂಚಿಕೆ.

ಮೂರು ಬಸ್ ಪ್ರಯಾಣ, ಒಂದು ಪುಸ್ತಕ

ನಾನು ವಾರಕ್ಕೆರಡು ದಿನ ಚಿಕ್ಕಮಗಳೂರಿಗೆ ಹೋಗ್ತೀನಿ. ಬಿ.ಕಾಂ. ಮಾಡಿದ್ದಕ್ಕೆ ಅಲ್ಲೊಬ್ಬರ ಕಚೇರಿಯಲ್ಲಿ ಜಿಎಸ್‌ಟಿ ರಿಟರ್ನ್ ತುಂಬೋ ಕೆಲಸ ಇದೆ. ಕಳಸದಿಂದ ಕೊಟ್ಟಿಗೆಹಾರ, ಮೂಡಿಗೆರೆ ದಾಟಿ ಹೋಗೋಕೆ ಹತ್ತಿರ ಹತ್ತಿರ ಮೂರು ಗಂಟೆ. ದಾರಿಯಲ್ಲಿ ನೆಟ್‌ವರ್ಕ್ ಅನ್ನೋದು ಕಾಡುಕೋಣದ ಹಾಗೆ, ಕಂಡರೆ ಕಂಡಿತು. ಅದಕ್ಕೇ ಹೊರಡೋ ಮೊದಲೇ ಆಡಿಯೋಬುಕ್ ಡೌನ್‌ಲೋಡ್ ಮಾಡಿ ಇಟ್ಕೋತೀನಿ.

ಹಾಗೆ ಕೇಳಿದ್ದು ಟ್ರೆವರ್ ನೋವಾ ಅವರ ‘ಬಾರ್ನ್ ಎ ಕ್ರೈಮ್’. ದಕ್ಷಿಣ ಆಫ್ರಿಕಾದ ಸ್ಟ್ಯಾಂಡ್‌ಅಪ್ ಕಾಮಿಡಿಯನ್, ಆಮೇಲೆ ಅಮೆರಿಕದ ಟಿವಿಯಲ್ಲಿ ‘ದ ಡೇಲಿ ಶೋ’ ನಡೆಸಿದವರು. ಪುಸ್ತಕ ಬಂದಿದ್ದು 2016ರಲ್ಲಿ. ಆಡಿಯೋ ರೂಪವನ್ನು ಅವರೇ ಓದಿದ್ದಾರೆ. ಅದಕ್ಕೆ 2018ರಲ್ಲಿ ಆಡಿ ಪ್ರಶಸ್ತಿಯೂ ಬಂತು. ಆಡಿ ಅಂದರೆ ಅಮೆರಿಕದಲ್ಲಿ ಆಡಿಯೋಬುಕ್‌ಗಳಿಗೆಂದೇ ಕೊಡುವ ಪ್ರಶಸ್ತಿ. ಒಟ್ಟು ಎಂಟು ಗಂಟೆ 44 ನಿಮಿಷ. ಅಂದರೆ ನಾನು ಚಿಕ್ಕಮಗಳೂರಿಗೆ ಹೋಗಿ, ಬಂದು, ಇನ್ನೊಂದು ಸಲ ಹೋಗೋ ಅಷ್ಟರಲ್ಲಿ ಮುಗಿಯಿತು.

ಹೆಸರು ಯಾಕೆ ಹಾಗೆ ಅಂದರೆ, ಅವರ ಹುಟ್ಟೇ ಅಪರಾಧ ಆಗಿತ್ತು. ಅಮ್ಮ ಕೋಸಾ ಜನಾಂಗದ ಕಪ್ಪು ಹೆಂಗಸು, ಅಪ್ಪ ಸ್ವಿಸ್ ಮೂಲದ ಬಿಳಿಯ. 1984ರಲ್ಲಿ, ವರ್ಣಭೇದದ ಕಾಲದಲ್ಲಿ, ಅಂಥ ಸಂಬಂಧವೇ ಕಾನೂನಿಗೆ ವಿರುದ್ಧ. ಅಂಥ ಕಥೆಯನ್ನು ನಗಿಸುತ್ತಾ ಹೇಳ್ತಾರೆ.

ಇದೇ ಪುಸ್ತಕವನ್ನು ನಾನು ಮೊದಲು ಕಾಲೇಜಿನಲ್ಲಿ ಕಣ್ಣಿಂದ ಓದಿದ್ದೆ. ಚೆನ್ನಾಗಿತ್ತು. ಕಿವಿಯಲ್ಲಿ ಕೇಳಿದಾಗ ಅದು ಬೇರೆಯೇ ಪುಸ್ತಕ ಅನ್ನಿಸಿತು. ಪದಗಳು ಅವೇ ಆಗಿದ್ದರೂ ಬೇರೆ ಅನ್ನಿಸೋಕೆ ನನಗೆ ತಿಳಿದ ಮಟ್ಟಿಗೆ ಮೂರು ಕಾರಣ ಇವೆ.

ಮೊದಲನೆಯದು: ಮೌನ

ಜೋಕಿನಲ್ಲಿ ಎರಡು ಭಾಗ. ಮೊದಲ ಭಾಗ ಕೇಳುಗರನ್ನು ಒಂದು ದಾರಿಯಲ್ಲಿ ಕರ್ಕೊಂಡು ಹೋಗುತ್ತೆ. ಎರಡನೇ ಭಾಗ ಫಕ್ಕನೆ ಬೇರೆ ದಾರಿಗೆ ತಿರುಗಿಸುತ್ತೆ. ಘಾಟಿಯ ತಿರುವಿನ ಹಾಗೆ. ಮೊದಲ ದಾರಿಯಲ್ಲಿ ನೀವು ಸರಿಯಾಗಿ ಕೂತಿರದಿದ್ದರೆ ತಿರುವು ಗೊತ್ತೇ ಆಗಲ್ಲ. ಹಾಗೆ ಕೂರೋಕೆ ಬೇಕಾದ ಸಮಯವೇ ಆ ಮೌನ. ಅರ್ಧ ಸೆಕೆಂಡ್, ಒಂದು ಸೆಕೆಂಡ್, ಕೆಲವೊಮ್ಮೆ ಎರಡು.

ಪುಸ್ತಕದಲ್ಲಿ ಆ ಮೌನವನ್ನು ಅಚ್ಚು ಹಾಕೋಕೆ ಆಗಲ್ಲ. ಮೂರು ಚುಕ್ಕಿ ಇಡಬಹುದು, ಸಾಲು ಮುರಿಯಬಹುದು, ಅಷ್ಟೇ. ಎಷ್ಟು ಹೊತ್ತು ನಿಲ್ಲಬೇಕು ಅಂತ ಬರೆದವರಿಗೆ ಮಾತ್ರ ಗೊತ್ತು. ಬೇರೆ ಓದುಗಾರ, ಎಷ್ಟೇ ಒಳ್ಳೆಯ ದನಿ ಇದ್ದರೂ, ಅದನ್ನು ಊಹಿಸಬೇಕು. ಟ್ರೆವರ್ ನೋವಾ ಥರದವರು ಸಾವಿರಾರು ಜನರ ಮುಂದೆ ನಿಂತು, ಎಲ್ಲಿ ನಿಂತರೆ ನಗು ಬರುತ್ತೆ, ಎಲ್ಲಿ ನಿಂತರೆ ಬರಲ್ಲ ಅಂತ ಮೈಯಲ್ಲಿ ಕಲಿತವರು.

ಇಲ್ಲಿ ಒಂದು ಕಷ್ಟವೂ ಇದೆ. ಸ್ಟೇಜಿನ ಮೇಲೆ ಜನ ನಗ್ತಾರೆ, ಆ ನಗು ಇಳಿಯೋ ತನಕ ಕಾಯಬಹುದು. ಆಡಿಯೋಬುಕ್ ರೆಕಾರ್ಡಿಂಗ್‌ನಲ್ಲಿ ಒಂದು ಸಣ್ಣ ಕೋಣೆ, ಒಂದು ಮೈಕ್, ಗಾಜಿನ ಆಚೆ ಇಯರ್‌ಫೋನ್ ಹಾಕಿದ ಒಬ್ಬ ಇಂಜಿನಿಯರ್. ಅವನು ನಕ್ಕರೂ ಅದು ಮೈಕ್‌ಗೆ ಬರಬಾರದು. ಅಂದರೆ ನಗುವೇ ಇಲ್ಲದ ಕಡೆ ನಗುವಿಗೆ ಜಾಗ ಬಿಡಬೇಕು. ಅದಕ್ಕೆ ಜಾಸ್ತಿ ಜಾಗ ಬಿಟ್ಟರೆ ನಾಟಕ ಅನ್ನಿಸುತ್ತೆ, ಕಮ್ಮಿ ಬಿಟ್ಟರೆ ವಾರ್ತೆ ಓದಿದ ಹಾಗಿರುತ್ತೆ. ನಾನು ಬೀಚಿಯನ್ನು ಓದಿದ್ದು ವಾರ್ತೆ ಓದಿದ ಹಾಗೆ.

ಎರಡನೆಯದು: ಇನ್ನೊಬ್ಬರ ದನಿ

ಟ್ರೆವರ್ ನೋವಾ ಕೋಸಾ, ಜುಲು, ಆಫ್ರಿಕಾನ್ಸ್ ಹೀಗೆ ಹಲವು ಭಾಷೆ ಆಡ್ತಾರೆ. ಪುಸ್ತಕದಲ್ಲಿ ಒಂದು ಪ್ರಸಂಗ ಬರುತ್ತೆ. ಬೀದಿಯಲ್ಲಿ ನಡೆದು ಹೋಗ್ತಿರುವಾಗ ಹಿಂದಿನಿಂದ ಕೆಲವು ಹುಡುಗರು ಜುಲು ಭಾಷೆಯಲ್ಲಿ, ಇವನನ್ನು ದೋಚೋಣ ಅಂತ ಮಾತಾಡಿಕೊಳ್ತಿರ್ತಾರೆ. ಇವನ ಬಣ್ಣ ನೋಡಿ, ಇವನಿಗೆ ಜುಲು ಬರಲ್ಲ ಅಂತ ಅವರ ಲೆಕ್ಕ. ಇವರು ತಿರುಗಿ ನಿಂತು ಜುಲುವಿನಲ್ಲೇ, ‘ನಾವೆಲ್ಲ ಸೇರಿ ಬೇರೆ ಯಾರನ್ನಾದ್ರೂ ದೋಚೋಣ’ ಅನ್ನೋ ಅರ್ಥದಲ್ಲಿ ಮಾತಾಡ್ತಾರೆ. ಹುಡುಗರು ಕ್ಷಮೆ ಕೇಳಿ ಹೋಗ್ತಾರೆ.

ಇದನ್ನು ಓದಿದಾಗ ‘ಓ, ಜಾಣ’ ಅನ್ನಿಸುತ್ತೆ. ಕೇಳಿದಾಗ ಜುಲು ನಿಜವಾಗಿ ಕಿವಿಗೆ ಬೀಳುತ್ತೆ. ಕೋಸಾ ಭಾಷೆಯಲ್ಲಿ ನಾಲಿಗೆಯಿಂದ ಲೊಟಕೆ ಹೊಡೆಯುವಂಥ ಶಬ್ದಗಳಿವೆ, ಅವೂ ಅಕ್ಷರಗಳೇ. ಅವನ್ನು ಅಚ್ಚಿನಲ್ಲಿ ಬರೀ ಅಕ್ಷರವಾಗಿ ನೋಡಿದರೆ ಏನೂ ಕೇಳಿಸಲ್ಲ. ಅಮ್ಮನ ಬೈಗುಳ ಅಮ್ಮನ ದನಿಯಲ್ಲೇ ಬರುತ್ತೆ. ಇಪ್ಪತ್ತು ವರ್ಷ ಆ ಬೈಗುಳ ತಿಂದವನೇ ಅದನ್ನು ಮಾಡಿ ತೋರಿಸ್ತಿದ್ದಾನೆ. ಬಾಡಿಗೆ ದನಿಗೆ ಆ ಅಮ್ಮ ಗೊತ್ತಿಲ್ಲವಲ್ಲ.

ನಮ್ಮ ಕಾಫಿ ಸೀಮೆಯವರಿಗೆ ಇದು ಹೊಸದೇನಲ್ಲ. ಒಂದೇ ತೋಟದ ಲೈನ್ ಮನೆಗಳಲ್ಲಿ ಕನ್ನಡ, ತುಳು, ತಮಿಳು, ಮಲಯಾಳಂ, ಬ್ಯಾರಿ, ಕೊಂಕಣಿ ಎಲ್ಲ ಕೇಳಿಸುತ್ತೆ. ಅಪ್ಪ ತೋಟದ ಕಥೆ ಹೇಳುವಾಗ ಮೇಸ್ತ್ರಿ ತುಳುವಿನಲ್ಲಿ ಬೈತಾನೆ, ಅಂಗಡಿಯವರು ಬ್ಯಾರಿಯಲ್ಲಿ ಸಾಲ ಕೇಳ್ತಾರೆ. ಅದನ್ನು ನಾನು ಬರೆದರೆ ‘ಮೇಸ್ತ್ರಿ ಬೈದ’ ಅಂತ ಒಂದು ಸಾಲು ಆಗುತ್ತೆ.

ಅಪ್ಪನಿಗೆ ಆ ಆಡಿಯೋಬುಕ್‌ನ ಹತ್ತು ನಿಮಿಷ ಕೇಳಿಸಿದೆ. ಅವರ ಇಂಗ್ಲಿಷ್ ತೋಟದ ಪತ್ರವ್ಯವಹಾರದ ಇಂಗ್ಲಿಷ್. ಅರ್ಧ ಹಿಡಿಯಲಿಲ್ಲ. ಆದರೂ ಎರಡು ಸಲ ನಕ್ಕರು. ಏನು ಅರ್ಥ ಆಯ್ತು ಅಂದೆ. ‘ಆ ಅಮ್ಮ ಬೈತಾಳಲ್ಲ, ಅದು ಪೂರಾ ಅರ್ಥ ಆಯ್ತು’ ಅಂದರು.

ಮೂರನೆಯದು: ನಗಿಸದೇ ಇರುವ ಜಾಗ

ಹಾಸ್ಯಗಾರರ ಆತ್ಮಕಥೆಯಲ್ಲಿ ಎಲ್ಲೋ ಒಂದು ಕಡೆ ನೋವಿನ ಜಾಗ ಬಂದೇ ಬರುತ್ತೆ. ಈ ಪುಸ್ತಕದಲ್ಲಿ ಅದು ಕೊನೆಯ ಅಧ್ಯಾಯ. ಮಲತಂದೆ ಅಮ್ಮನ ತಲೆಗೆ ಗುಂಡು ಹೊಡೆಯುತ್ತಾನೆ. ಆಕೆ ಬದುಕುತ್ತಾಳೆ. ಆಸ್ಪತ್ರೆಯ ಹಾಸಿಗೆಯಲ್ಲಿ ಆಕೆಯೇ ಮಗನಿಗೆ ಒಂದು ಜೋಕು ಹೇಳ್ತಾಳೆ.

ಏಳೆಂಟು ಗಂಟೆ ಒಬ್ಬ ಮನುಷ್ಯನ ದನಿ ಕೇಳಿ ಕೇಳಿ, ಅವನು ಯಾವಾಗ ತಮಾಷೆಗೆ ತಯಾರಾಗ್ತಿದ್ದಾನೆ ಅಂತ ನಮಗೆ ಗೊತ್ತಾಗಿಬಿಟ್ಟಿರುತ್ತೆ. ದನಿ ಸ್ವಲ್ಪ ಮೇಲೇರುತ್ತೆ, ವೇಗ ಹೆಚ್ಚುತ್ತೆ. ಕೊನೆಯಲ್ಲಿ ನಾವು ಅದಕ್ಕೇ ಕಾಯ್ತೀವಿ, ಅದು ಬರಲ್ಲ. ನನಗೆ ಇದು ಮೂಡಿಗೆರೆ ಬಸ್ ಸ್ಟ್ಯಾಂಡ್‌ನಲ್ಲಿ ಆಯಿತು. ಇಳಿಯಬೇಕಾದವರು ಇಳಿದರು, ಹತ್ತಬೇಕಾದವರು ಹತ್ತಿದರು. ಪಕ್ಕದಲ್ಲಿ ಕೂತ ಅಜ್ಜಿ ನನ್ನ ಮುಖ ನೋಡಿ, ‘ವಾಂತಿ ಬರ್ತದಾ ಮಗಾ?’ ಅಂತ ನಿಂಬೆಹಣ್ಣು ಕೊಟ್ಟರು.

ಕಿವಿಯ ಜೋಕು, ಕಣ್ಣಿನ ಜೋಕು

ಇಷ್ಟು ಹೇಳಿದ ಮೇಲೆ, ಹಾಗಾದರೆ ಎಲ್ಲ ಹಾಸ್ಯವೂ ಕೇಳೋಕೇ ಚೆನ್ನ ಅನ್ನಿಸಬಹುದು. ಇಲ್ಲ. ಮತ್ತೆ ಬೀಚಿ ಹತ್ತಿರ ಬರೋಣ.

ಗೊತ್ತಿಲ್ಲದವರಿಗೆ: ಬೀಚಿ ಅಂದರೆ ರಾಯಸಂ ಭೀಮಸೇನರಾವ್. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದವರು, ಪೊಲೀಸ್ ಇಲಾಖೆಯಲ್ಲಿ ಗುಮಾಸ್ತರಾಗಿದ್ದವರು. ಕನ್ನಡ ಪುಸ್ತಕಗಳ ಮೇಲೆ ಅಷ್ಟೇನೂ ಒಲವಿಲ್ಲದ ಈ ಮನುಷ್ಯ ಅ.ನ. ಕೃಷ್ಣರಾಯರ ‘ಸಂಧ್ಯಾರಾಗ’ ಓದಿ ಕನ್ನಡಕ್ಕೆ ಬಿದ್ದರು. ಅವರ ತಿಮ್ಮ ಅನ್ನೋ ಪಾತ್ರ ಮನೆಮಾತಾಯಿತು. ‘ಸುಧಾ’ ವಾರಪತ್ರಿಕೆಯಲ್ಲಿ ಓದುಗರ ಪ್ರಶ್ನೆಗೆ ಅವರು ಕೊಡುತ್ತಿದ್ದ ಉತ್ತರಗಳನ್ನು ಅಪ್ಪ ಹುಡುಗನಾಗಿದ್ದಾಗ ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತು ಓದುತ್ತಿದ್ದರಂತೆ. ತಲೆಕೂದಲು ಬೆಳೆಯೋದಕ್ಕಿಂತ ಬೇಗ ಬೇಗ ಆ ಅಂಗಡಿಗೆ ಹೋಗ್ತಿದ್ದರಂತೆ.

ಈಗ ಅವರ ಆತ್ಮಕಥೆಯ ಹೆಸರು ನೋಡಿ: ‘ಭಯಾಗ್ರಫಿ’. ಬಯಾಗ್ರಫಿಯ ‘ಬ’ಕ್ಕೆ ಒಂದು ಸಣ್ಣ ಸೀಳು ಹಾಕಿ ‘ಭ’ ಮಾಡಿದ್ದಾರೆ. ಅಷ್ಟಕ್ಕೇ ಜೀವನಚರಿತ್ರೆಯೊಳಗೆ ಭಯ ಬಂದು ಕೂತಿತು. ಕಣ್ಣಿಗೆ ತಕ್ಷಣ ಕಾಣುತ್ತೆ. ಆದರೆ ಬಾಯಲ್ಲಿ ಹೇಳಿ ನೋಡಿ. ನಮ್ಮಲ್ಲಿ ಎಷ್ಟೋ ಜನ ಮಾತಾಡುವಾಗ ಮಹಾಪ್ರಾಣ ಬಿಡ್ತೀವಿ. ‘ಬಾರತ’, ‘ಬಾಷೆ’ ಅಂತೀವಿ. ಹಾಗೆ ಓದಿದರೆ ಜೋಕು ಅಲ್ಲೇ ಸತ್ತಿತು. ನಾನು ಮೊದಲ ದಿನ ಓದಿದ್ದೂ ಹಾಗೇ.

ಅವರ ಕಾವ್ಯನಾಮ ಇನ್ನೂ ಮಜಾ. ಅವರು ‘ಬೀ’ ಅನ್ನೋದನ್ನು ಕನ್ನಡ ಅಕ್ಷರದಲ್ಲಿ, ‘ಚಿ’ ಅನ್ನೋದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಒಂದೇ ಹೆಸರು, ಎರಡು ಲಿಪಿ. ಇದನ್ನು ಪ್ರಪಂಚದ ಯಾವ ಓದುಗಾರನೂ ದನಿಯಲ್ಲಿ ತೋರಿಸಲಾರ, ಸ್ವತಃ ಬೀಚಿ ಬಂದರೂ ಆಗಲ್ಲ.

ಒಂದು ದಿನ ಫೋನಿನ ಯಂತ್ರದ ದನಿಗೆ ಇವೆರಡನ್ನೂ ಟೈಪ್ ಮಾಡಿ ಕೊಟ್ಟೆ. ಅಪ್ಪನ ಫೋನಿನಲ್ಲಿ ಪರದೆ ಓದಿ ಹೇಳುವ ವ್ಯವಸ್ಥೆ ಹಾಕಿದ್ದೀನಿ, ಮೆಸೇಜು, ಸುದ್ದಿಗೆ ಅದು ಬಹಳ ಉಪಕಾರ. ಅದು ‘ಭ’ವನ್ನು ನನಗಿಂತ ಸ್ಪಷ್ಟವಾಗಿ ಹೇಳಿತು. ಆದರೆ ತಾನು ಜೋಕು ಹೇಳಿದೆ ಅಂತ ಅದಕ್ಕೆ ಗೊತ್ತಿರಲಿಲ್ಲ. ಕಾವ್ಯನಾಮಕ್ಕೆ ‘ಬೀ’ ಅಂದು, ಆಮೇಲೆ ‘ಸಿ, ಎಚ್, ಐ’ ಅಂತ ಬಿಡಿಬಿಡಿಯಾಗಿ ಓದಿತು. ಆವತ್ತು ಅಪ್ಪ ತುಂಬ ನಕ್ಕರು. ‘ಬೀಚಿ ಇದ್ದಿದ್ರೆ ಇದನ್ನೇ ಬರೀತಿದ್ರು’ ಅಂದರು.

ನಮ್ಮಲ್ಲಿ ಯಾರ ದನಿ ಉಳಿದಿದೆ?

ಬೀಚಿ ತೀರಿಕೊಂಡಿದ್ದು 1980ರಲ್ಲಿ. ಕನ್ನಡ ರಂಗಭೂಮಿಯ ದೊಡ್ಡ ಹಾಸ್ಯನಟ ಗುಬ್ಬಿ ವೀರಣ್ಣ ‘ಕಲೆಯೇ ಕಾಯಕ’ ಅಂತ ಆತ್ಮಕಥೆ ಕೊಟ್ಟಿದ್ದಾರೆ. ‘ಸದಾರಮೆ’ ನಾಟಕದ ಕಳ್ಳನ ಪಾತ್ರದಲ್ಲಿ ಅವರನ್ನು ನೋಡೋಕೆ ಊರೂರೇ ಬರುತ್ತಿತ್ತು. ಅವರು ಹೋಗಿದ್ದು 1972ರಲ್ಲಿ. ಟೇಪ್‌ರೆಕಾರ್ಡರ್, ಕ್ಯಾಸೆಟ್ ನಮ್ಮಂಥವರ ಮನೆಗಳಿಗೆ ಬಂದಿದ್ದು ಅದಾದ ಮೇಲೆ. ನಗಿಸಿದವರು ತಮ್ಮ ಜೀವನವನ್ನು ಬರೆದಿಟ್ಟರು, ನಮ್ಮ ಕೈಗೆ ಬಂದಿದ್ದು ಅಚ್ಚಾದ ಪುಸ್ತಕ.

ಇನ್ನೂ ಹಿಂದೆ ಹೋದರೆ ಟಿ.ಪಿ. ಕೈಲಾಸಂ. ಅವರದು ಉಲ್ಟಾ ಕೇಸು. ಅವರು ನಾಟಕಗಳನ್ನು ಬಾಯಲ್ಲಿ ಹೇಳುತ್ತಿದ್ದರು, ಬೇರೆಯವರು ಬರೆದುಕೊಳ್ಳುತ್ತಿದ್ದರು. ಅಂದರೆ ನಾವು ಇವತ್ತು ಓದುವ ಕೈಲಾಸಂ ಮೊದಲು ದನಿಯಾಗಿದ್ದು ಆಮೇಲೆ ಅಕ್ಷರವಾದವರು. ಆ ಕನ್ನಡ-ಇಂಗ್ಲಿಷ್ ಕಲಬೆರಕೆ ಮಾತು ಜೋರಾಗಿ ಓದಿದರೆ ಮಾತ್ರ ಯಾಕೆ ಹಿಡಿಸುತ್ತೆ ಅನ್ನೋದಕ್ಕೆ ಇದೇ ಕಾರಣ. ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಲ್ಲಿ ಅಂದಂದಿನ ರಾಜಕೀಯವನ್ನು ಅಲ್ಲಲ್ಲೇ ಸೇರಿಸಿ ಮಾತಾಡುತ್ತಿದ್ದರು. ಬರೆದ ನಾಟಕ ಒಂದಾದರೆ ಆಡಿದ ನಾಟಕ ಇನ್ನೊಂದು.

ಬೀಚಿಯನ್ನು ನಮ್ಮ ಕಾಲದ ಕಿವಿಗೆ ತಲುಪಿಸಿದವರು ಗಂಗಾವತಿ ಪ್ರಾಣೇಶ್. ‘ಅಭಿನವ ಬೀಚಿ’ ಅಂತಲೇ ಅವರನ್ನು ಕರೆಯೋದು. ನನ್ನ ವಯಸ್ಸಿನ ಬಹಳ ಜನ ಬೀಚಿ ಹೆಸರು ಮೊದಲು ಕೇಳಿದ್ದು ಅವರ ಸಿಡಿಯಲ್ಲೋ ಯೂಟ್ಯೂಬ್‌ನಲ್ಲೋ. ಪುಸ್ತಕದ ಹಾಸ್ಯ ವೇದಿಕೆಯ ಹಾಸ್ಯವಾಗಿ, ಅಲ್ಲಿಂದ ಫೋನಿಗೆ ಬಂತು. ಅದೂ ಒಂದು ರೀತಿಯ ಆಡಿಯೋಬುಕ್ಕೇ.

ಕನ್ನಡದಲ್ಲಿ ಯಾಕೆ ಕಷ್ಟ? ಒಂದು ಸಣ್ಣ ಲೆಕ್ಕ

ಈಗ ಮೈಲ್ಯಾಂಗ್, ಸ್ಟೋರಿಟೆಲ್ ಥರದ ಆ್ಯಪ್‌ಗಳಲ್ಲಿ ಕನ್ನಡ ಆಡಿಯೋ ಪುಸ್ತಕಗಳು ಸಿಗುತ್ತವೆ. ಆದರೂ ‘ಇಂಗ್ಲಿಷ್‌ನಷ್ಟು ಯಾಕಿಲ್ಲ?’ ಅಂತ ನೀವು ಕೇಳ್ತಾ ಇರ್ತೀರಿ. ಕಾಮರ್ಸ್ ಹುಡುಗಿ, ಲೆಕ್ಕ ಹೇಳ್ತೀನಿ ಕೇಳಿ.

ಇಂಗ್ಲಿಷ್ ಆಡಿಯೋಬುಕ್ ಸಾಮಾನ್ಯವಾಗಿ ನಿಮಿಷಕ್ಕೆ 150 ಪದಗಳ ಆಸುಪಾಸಿನಲ್ಲಿ ಓಡುತ್ತೆ. ಕನ್ನಡದ ಪದ ಉದ್ದ. ‘ಮನೆಯಲ್ಲಿದ್ದವರಿಗೆ’ ಅನ್ನೋದು ನಮಗೆ ಒಂದೇ ಪದ. ನನ್ನ ಓದು ಅಳೆದು ನೋಡಿದೆ, ನಿಮಿಷಕ್ಕೆ 100 ಪದ. 50,000 ಪದಗಳ ಪುಸ್ತಕ ಅಂದರೆ 500 ನಿಮಿಷ, ಎಂಟು ಗಂಟೆ 20 ನಿಮಿಷ. ತಪ್ಪು, ಕೆಮ್ಮು, ನೀರು ಕುಡಿಯೋದು ಎಲ್ಲ ಸೇರಿ ನನಗೆ ರೆಕಾರ್ಡಿಂಗ್‌ಗೆ ಅದರ ಎರಡರಷ್ಟು ಸಮಯ ಬೇಕು, ಎಡಿಟಿಂಗ್‌ಗೆ ಮೂರರಷ್ಟು. ಒಟ್ಟು 40 ಗಂಟೆ ದಾಟುತ್ತೆ. ಒಬ್ಬರಿಗೆ ಪೂರಾ ಒಂದು ವಾರದ ಕೆಲಸ. ನಮ್ಮೂರಲ್ಲಾದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಹೆಂಚಿನ ಮೇಲೆ ಮಳೆ, ಮಳೆ ಬಿಟ್ಟರೆ ಜೀರುಂಡೆ. ಈ ಖರ್ಚಿಗೆ ತಕ್ಕಷ್ಟು ಜನ ದುಡ್ಡು ಕೊಟ್ಟು ಕೇಳಬೇಕು. ನಾವು ಪುಕ್ಕಟೆ ಯೂಟ್ಯೂಬ್ ಹುಡುಕ್ತೀವಿ.

ಇನ್ನೊಂದು, ಹಕ್ಕಿನ ವಿಷಯ. ‘ಅಪ್ಪನಿಗೆ ಓದಿದ್ದನ್ನೇ ಪಾಡ್‌ಕಾಸ್ಟ್‌ಗೆ ಹಾಕು’ ಅಂತ ಗೆಳತಿ ಹೇಳಿದಳು. ಹಾಗೆ ಹಾಕುವಂತಿಲ್ಲ. ಭಾರತದಲ್ಲಿ ಪುಸ್ತಕದ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಇರುತ್ತೆ. ಬೀಚಿಯವರದು 2040ರ ಕೊನೆಯ ತನಕ, ಗುಬ್ಬಿ ವೀರಣ್ಣನವರದು 2032ರ ಕೊನೆಯ ತನಕ. 1946ರಲ್ಲಿ ಹೋದ ಕೈಲಾಸಂ ನಾಟಕಗಳು ಈಗ ಎಲ್ಲರ ಸ್ವತ್ತು, ಬೇಕಾದರೆ ನಾಳೆಯೇ ಓದಿ ಹಾಕಬಹುದು.

ಆದರೆ ಒಂದು ಒಳ್ಳೆಯ ಬಾಗಿಲು ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 2012ರ ತಿದ್ದುಪಡಿಯ ನಂತರ, ಕಣ್ಣು ಕಾಣದವರಂಥ ಅಂಗವಿಕಲರಿಗೆ ಅವರು ಬಳಸುವಂಥ ರೂಪದಲ್ಲಿ ಪುಸ್ತಕವನ್ನು ಮಾಡಿಕೊಡೋಕೆ, ಅವರ ಸ್ವಂತ ಉಪಯೋಗಕ್ಕೆ ಹಂಚಿಕೊಳ್ಳೋಕೆ ಕೃತಿಸ್ವಾಮ್ಯ ಕಾಯ್ದೆ ಅವಕಾಶ ಕೊಡುತ್ತೆ. ಲಾಭಕ್ಕೆ ಮಾಡಬಾರದು, ಅಷ್ಟೇ. ನಿಮ್ಮ ಮನೆಯಲ್ಲಿ ನಮ್ಮಪ್ಪನಂಥವರು ಇದ್ದರೆ, ಅವರಿಗೋಸ್ಕರ ನೀವು ಪುಸ್ತಕ ಓದಿ ರೆಕಾರ್ಡ್ ಮಾಡಿಟ್ಟರೆ ಅದು ಕಳ್ಳತನ ಅಲ್ಲ.

ಕೇಳೋ ಮುನ್ನ ಫೋನಿನಲ್ಲಿ ಏನು ಮಾಡಬೇಕು?

ಒಂದು, ಸ್ಪೀಡ್. ನಾವೆಲ್ಲ 1.5ರಲ್ಲಿ ಕೇಳೋ ಜನ. ಮಾಹಿತಿಗೆ ಪರವಾಗಿಲ್ಲ. ಹಾಸ್ಯಕ್ಕೆ ಬೇಡ. 1.2 ಸೆಕೆಂಡಿನ ಮೌನ 1.5 ಸ್ಪೀಡ್‌ನಲ್ಲಿ 0.8 ಆಗುತ್ತೆ. ತಿರುವು ಬಂದಿದ್ದು ಗೊತ್ತಾಗುವಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತೆ.

ಎರಡು, ಮೌನ ಕತ್ತರಿಸುವ ಆಯ್ಕೆ. ಕೆಲವು ಪಾಡ್‌ಕಾಸ್ಟ್ ಆ್ಯಪ್‌ಗಳಲ್ಲಿ ಮಾತಿನ ನಡುವಿನ ಖಾಲಿ ಜಾಗ ತೆಗೆದುಹಾಕುವ ಸೆಟ್ಟಿಂಗ್ ಇರುತ್ತೆ. ಸಮಯ ಉಳಿಯುತ್ತೆ ಅಂತ ಆನ್ ಮಾಡಿ ಮರೆತಿರ್ತೀವಿ. ಅದು ಕಳೆ ಅಂತ ಕಿತ್ತುಹಾಕೋದು ಬೆಳೆಯನ್ನೇ. ಆಫ್ ಮಾಡಿ.

ಮೂರು, ಡೌನ್‌ಲೋಡ್. 64 ಕೆಬಿಪಿಎಸ್ ಗುಣಮಟ್ಟದ ಆಡಿಯೋ ಗಂಟೆಗೆ ಸುಮಾರು 29 ಎಂಬಿ. ಎಂಟೂ ಮುಕ್ಕಾಲು ಗಂಟೆಯ ಪುಸ್ತಕಕ್ಕೆ 250 ಎಂಬಿ ಸಾಕು. ಒಂದು ದಿನದ ರೀಲ್ಸ್‌ಗೆ ಅದಕ್ಕಿಂತ ಜಾಸ್ತಿ ಕಳೀತೀರಿ.

ನಾಲ್ಕು, ಕೊಳ್ಳೋ ಮೊದಲು ಸ್ಯಾಂಪಲ್ ಕೇಳಿ. ಬರೆದವರೇ ಓದಿದ್ದು ಅಂದ ಮಾತ್ರಕ್ಕೆ ಚೆನ್ನಾಗಿರಬೇಕಂತಿಲ್ಲ. ಬರವಣಿಗೆ ಬಂದವರಿಗೆಲ್ಲ ಓದು ಬರಲ್ಲ. ಹಾಸ್ಯಗಾರರ ವಿಷಯದಲ್ಲಿ ಅವರ ಕಸುಬೇ ದನಿ ಆಗಿರೋದರಿಂದ ಗೆಲ್ಲುವ ಸಂಭವ ಹೆಚ್ಚು.

ಅಪ್ಪನ ಬೀಚಿ

ಕೊನೆಗೆ ಅಪ್ಪನನ್ನೇ ಕೇಳಿದೆ. ‘ಬೀಚಿ ದನಿ ನೀವು ಯಾವತ್ತಾದ್ರೂ ಕೇಳಿದ್ರಾ? ಎಲ್ಲಿ ನಿಲ್ಲಿಸ್ಬೇಕು ಅಂತ ನಿಮಗೆ ಹೇಗೆ ಗೊತ್ತು?’

‘ಇಲ್ಲ ಮಾರಾಯ್ತಿ, ನಾನೆಲ್ಲಿ ಕೇಳಲಿ. ಭದ್ರಾವತಿ ರೇಡಿಯೋದಲ್ಲೂ ಕೇಳಿದ ನೆನಪಿಲ್ಲ. ನನ್ನ ತಲೇಲಿ ಹಂಗೆ ಮಾತಾಡ್ತಾರೆ ಅಷ್ಟೇ.’

ಹರಪನಹಳ್ಳಿಯ ಬೀಚಿ ಅಪ್ಪನ ತಲೆಯಲ್ಲಿ ಐವತ್ತು ವರ್ಷದಿಂದ ಕಳಸದ ಕನ್ನಡ ಮಾತಾಡ್ತಿದ್ದಾರೆ! ಆಗ ನನಗೆ ಇನ್ನೊಂದು ಅರ್ಥ ಆಯಿತು. ಲೇಖಕರ ದನಿ ಸಿಕ್ಕರೆ ಏನೋ ಸಿಗುತ್ತೆ, ಜೊತೆಗೆ ನಾವೇ ಕಟ್ಟಿಕೊಂಡ ದನಿ ಹೋಗುತ್ತೆ. ನನಗೆ ಈಗ ಟ್ರೆವರ್ ನೋವಾ ಪುಸ್ತಕ ತೆರೆದರೆ ಅವರ ದನಿಯೇ ಕೇಳಿಸುತ್ತೆ, ಕಾಲೇಜಿನಲ್ಲಿ ಓದುವಾಗ ಇದ್ದ ದನಿ ಹೇಗಿತ್ತು ಅಂತ ನೆನಪೇ ಇಲ್ಲ. ಅಪ್ಪ ತಮ್ಮ ಬೀಚಿಯನ್ನು ಬಿಟ್ಟುಕೊಡೋಕೆ ತಯಾರಿಲ್ಲ. ನಾನು ಓದುವಾಗ ಅವರು ತಿದ್ದೋದು ನನ್ನನ್ನು ತಮ್ಮ ಬೀಚಿಗೆ ಹೊಂದಿಸೋಕೆ.

ಹಾಗಾದರೆ ನಾನು ರೆಕಾರ್ಡ್ ಮಾಡಬೇಕಾದ್ದು ಯಾರನ್ನು? ಅಪ್ಪನನ್ನೇ ಅಲ್ವಾ. ಅಮೆರಿಕದ ಹಾಸ್ಯನಟಿ ಜೋನ್ ರಿವರ್ಸ್ 2014ರಲ್ಲಿ ತೀರಿಕೊಂಡರು. ತಮ್ಮ ದಿನಚರಿಯ ಪುಸ್ತಕವನ್ನು ತಾವೇ ಓದಿದ್ದಕ್ಕೆ 2015ರಲ್ಲಿ ಅವರಿಗೆ ಗ್ರ್ಯಾಮಿ ಬಂತು. ಮನುಷ್ಯ ಹೋದರೂ ಮೌನ ಹಾಕುವ ಜಾಗ ಉಳಿಯಿತು. ನಮ್ಮಪ್ಪನಿಗೆ ಗ್ರ್ಯಾಮಿ ಬೇಡ, ಫೈಲ್ ಒಂದು ಇರಲಿ ಅನ್ನಿಸಿತು.

ಮೊದಲ ಪ್ರಯತ್ನ ಹಾಳಾಯಿತು. ಮೈಕ್ ಮುಂದೆ ಕೂರಿಸಿ ‘ಶುರು ಮಾಡಿ’ ಅಂದಿದ್ದೇ ತಪ್ಪು. ಅಪ್ಪ ಗಂಟಲು ಸರಿ ಮಾಡಿಕೊಂಡು ‘ನಾನು ಜನಿಸಿದ್ದು’ ಅಂತ ಭಾಷಣ ಶುರು ಮಾಡಿದರು. ಎರಡನೇ ಸಲ ಉಪಾಯ ಬದಲಾಯಿಸಿದೆ. ಸಂಜೆ ಕಾಫಿ ಹೊತ್ತಿಗೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಅವರಿಗೂ ಹೇಳಿಯೇ, ಮೇಜಿನ ಮೇಲೆ ಒಂದು ಗೇಣು ದೂರದಲ್ಲಿಟ್ಟೆ. ಅಮ್ಮನನ್ನೂ ಕೂರಿಸಿದೆ. ಸ್ಟುಡಿಯೋದಲ್ಲಿ ಒಬ್ಬನೇ ಕೂತು ನಗಿಸೋದು ಟ್ರೆವರ್ ನೋವಾಗೆ ಆಗುತ್ತೆ, ನಮ್ಮ ಮನೆಯವರಿಗೆ ಎದುರು ನಗೋ ಮುಖ ಬೇಕು. ಮುಖ ಕಾಣದ ಅಪ್ಪನಿಗೆ ನಗೋ ದನಿ ಬೇಕು. ಹಾಗಾಗಿ ನಿಮ್ಮ ನಗು ರೆಕಾರ್ಡ್ ಆದರೆ ಆಗಲಿ, ತಡೀಬೇಡಿ.

ಅವರು ಹೇಳಿದ್ದು ಹಾಜರಿ ಪುಸ್ತಕದ ಕಥೆ. ತೋಟದಲ್ಲಿ ಒಂದೇ ಹೆಸರಿನ ಮೂವರು ಆಳುಗಳಿದ್ದರಂತೆ. ಗೊಂದಲ ಆಗಬಾರದು ಅಂತ ಅಪ್ಪ ಒಬ್ಬನ ಹೆಸರಿನ ಮುಂದೆ ‘ಉದ್ದ’, ಇನ್ನೊಬ್ಬನ ಮುಂದೆ ‘ಗಿಡ್ಡ’ ಅಂತ ಬರೆದರು. ಮೂರನೆಯವನು ಉದ್ದವೂ ಅಲ್ಲ, ಗಿಡ್ಡವೂ ಅಲ್ಲ. ಅವನ ಮುಂದೆ ‘ಅವರಲ್ಲ’ ಅಂತ ಬರೆದರು. ಒಂದು ದಿನ ಧಣಿಗಳು ಪುಸ್ತಕ ತೆಗೆದು ನೋಡಿ, ‘ಏನ್ರೀ ರೈಟ್ರೇ, ಈ ‘ಅವರಲ್ಲ’ ಅನ್ನೋನಿಗೆ ಯಾಕ್ರೀ ಸಂಬಳ ಕೊಡ್ತಿದ್ದೀರಿ?’ ಅಂದರಂತೆ.

ಇಲ್ಲಿ ಅಪ್ಪ ನಿಲ್ಲಿಸುತ್ತಾರೆ. ಕಾಫಿ ಲೋಟ ಎತ್ತಿ ಒಂದು ಗುಟುಕು ಕುಡಿಯೋದು ಕೇಳಿಸುತ್ತೆ. ಅಮ್ಮ ಈ ಕಥೆಯನ್ನು ಐವತ್ತು ಸಲ ಕೇಳಿದ್ದಾರೆ, ಅವರು ಮೊದಲೇ ನಗು ಶುರು ಮಾಡಿಬಿಡ್ತಾರೆ. ಆಮೇಲೆ ಅಪ್ಪ:

‘ಅವನೊಬ್ನೇ ಸಾರ್ ದಿನಾ ಬರೋದು.’

ಎಡಿಟ್ ಮಾಡುವಾಗ ಅಭ್ಯಾಸಬಲದಿಂದ ಇಡೀ ಫೈಲಿಗೆ ಮೌನ ತೆಗೆಯುವ ಫಿಲ್ಟರ್ ಹಾಕಿಬಿಟ್ಟಿದ್ದೆ. ಪ್ಲೇ ಮಾಡಿದರೆ ಕಥೆ ಇದೆ, ನಗು ಬರಲ್ಲ. ಅಪ್ಪ ಕೇಳಿ, ‘ಇದ್ಯಾರು, ನನ್ನ ಹಂಗೆ ಮಾತಾಡೋನು?’ ಅಂದರು. ವಾಪಸ್ ಹಾಕಿದೆ. ಅಳೆದು ನೋಡಿದೆ, ಆ ಗುಟುಕಿನ ಮೌನ ಎರಡು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಇದೆ.

ಆ ಆರು ನಿಮಿಷದ ರೆಕಾರ್ಡಿಂಗ್ ಈ ಸಂಚಿಕೆಯ ಕೊನೆಯಲ್ಲಿ ಹಾಕಿದ್ದೀನಿ, ಅಪ್ಪನ ಒಪ್ಪಿಗೆ ತಗೊಂಡು. ಓದ್ತಾ ಇರೋರು ಅದೊಂದನ್ನಾದರೂ ಕೇಳಿ. ಸ್ಪೀಡ್ ಒಂದಕ್ಕೇ ಇಟ್ಟು. ನಿಮ್ಮ ಮನೆಯಲ್ಲೂ ಹೀಗೆ ಕಥೆ ಹೇಳುವವರು ಇದ್ದರೆ ಈ ಭಾನುವಾರ ಫೋನನ್ನು ಒಂದು ಗೇಣು ದೂರ ಇಟ್ಟು ಪಕ್ಕದಲ್ಲಿ ಕೂತುಕೊಳ್ಳಿ.

ಮುಂದಿನ ವಾರ ಸಿಗೋಣ. ಅಷ್ಟರಲ್ಲಿ ಕಾಫಿ ರೇಟು ಏರಿದರೆ ಗೋಣಿಚೀಲ ಖಾಲಿ, ನನ್ನ ದನಿ ಸ್ವಲ್ಪ ಪ್ರತಿಧ್ವನಿಸುತ್ತೆ. ಅಡ್ಜಸ್ಟ್ ಮಾಡ್ಕೊಳ್ಳಿ. ನಮಸ್ಕಾರ.